ಒಂದು ಸಾಲು ನೆನಪಿದೆ, ಉಳಿದ ಕವಿತೆ ಎಲ್ಲಿ ಹೋಯಿತು?

(ಓದುಗರ ಬಳಗವೊಂದರಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕವಿತೆಗಳ ಸಾಲುಗಳನ್ನು ಕನ್ನಡದಲ್ಲಿ ಹೇಳಿರುವುದು ನಾನೇ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ನಿಮಗೆ ಬಾಯಿಗೆ ಬರುವ ಅಮೆರಿಕದ ಕವಿತೆ ಯಾವುದಾದರೂ ಇದ್ದರೆ ಹೇಳಿ. ಒಂದು ಸಾಲು ಸಾಕು.

ನೋಡಿ, ನಾಲ್ಕೈದು ಜನ ಒಟ್ಟಿಗೆ ಅದೇ ಸಾಲು ಹೇಳಿದಿರಿ. ನಿದ್ದೆ ಮಾಡುವ ಮೊದಲು ಇನ್ನೂ ಮೈಲಿಗಟ್ಟಲೆ ಹೋಗಬೇಕು ಅನ್ನುವ ಸಾಲು. ಹಿಂದೆ ಕೂತ ಮೇಡಂ ಒಬ್ಬರು ಕಡಿಮೆ ಜನ ಓಡಾಡಿದ ದಾರಿಯ ಸಾಲು ಹೇಳಿದರು. ಎರಡೂ ರಾಬರ್ಟ್ ಫ್ರಾಸ್ಟ್ ಬರೆದದ್ದು. ಈಗ ಇನ್ನೊಂದು ಪ್ರಶ್ನೆ. ಆ ಕವಿತೆಗಳ ಮಧ್ಯದಲ್ಲಿ ಏನಿದೆ?

ಎಲ್ಲರೂ ಸುಮ್ಮನಾದಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಜನ ತುಂಬಾ ಮೆಚ್ಚಿದ ಕವಿತೆಗೆ ಹೀಗೇ ಆಗುತ್ತದೆ. ಒಂದು ಸಾಲು ಜನರ ಬಾಯಿಗೆ ಬಿದ್ದು ಊರೂರು ಸುತ್ತುತ್ತದೆ. ಕ್ಯಾಲೆಂಡರ್ ಮೇಲೆ ಬರುತ್ತದೆ, ಬೀಳ್ಕೊಡುಗೆ ಭಾಷಣದಲ್ಲಿ ಬರುತ್ತದೆ. ಉಳಿದ ಕವಿತೆ ಪುಸ್ತಕದೊಳಗೇ ಇರುತ್ತದೆ. ನಾನು ಇವತ್ತು ಆ ಉಳಿದ ಕವಿತೆಯ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಪಿಯುಸಿ ಮಕ್ಕಳಿಗೆ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಈ ಕವಿತೆಗಳ ಜೊತೆ ನನ್ನ ಅರ್ಧ ಆಯುಷ್ಯ ಕಳೆದಿದೆ. ಅವುಗಳ ಮೇಲೆ ನನಗೆ ತುಂಬಾ ಪ್ರೀತಿ ಇದೆ.

ಜನರಿಗೆ ಯಾವ ಕವಿತೆ ಇಷ್ಟ ಅನ್ನುವುದನ್ನು ಜನರನ್ನೇ ಕೇಳಿದ ಒಬ್ಬ ಕವಿ ಇದ್ದಾರೆ. ರಾಬರ್ಟ್ ಪಿನ್‌ಸ್ಕಿ ಅಂತ. 1997ರಲ್ಲಿ ಅವರು ಅಮೆರಿಕದ ಪೊಯೆಟ್ ಲಾರಿಯೆಟ್ ಆದರು. ನಮ್ಮ ರಾಷ್ಟ್ರಕವಿ ಬಿರುದು ನೆನಪಾಗಬಹುದು, ಆದರೆ ಅದು ಬೇರೆ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಅವಧಿಗೆ ಅಂತ ಕೊಡುವ ಹುದ್ದೆ ಅದು. ಆ ಹುದ್ದೆಯಲ್ಲಿದ್ದಾಗ ಅವರು ದೇಶಕ್ಕೆ ಒಂದು ಮಾತು ಕೇಳಿದರು. ನಿಮಗೆ ಇಷ್ಟವಾದ ಕವಿತೆ ಯಾವುದು, ಅದು ಯಾಕೆ ಇಷ್ಟ, ಬರೆದು ತಿಳಿಸಿ.

ಒಂದು ವರ್ಷದಲ್ಲಿ 18,000 ಜನ ಬರೆದರು. 5 ವರ್ಷದ ಮಗುವಿನಿಂದ 97 ವರ್ಷದ ಅಜ್ಜ ಅಜ್ಜಿಯರ ತನಕ. ಅಮೆರಿಕದ ಒಂದು ರಾಜ್ಯವೂ ತಪ್ಪಲಿಲ್ಲ. ಅದರಲ್ಲಿ ಐವತ್ತು ಜನರನ್ನು ಆರಿಸಿ ಚಿಕ್ಕ ಚಿಕ್ಕ ವಿಡಿಯೋ ಮಾಡಿದರು. ಅವರು ತಮ್ಮ ಕವಿತೆಯನ್ನು ಜೋರಾಗಿ ಓದುತ್ತಾರೆ, ತಮ್ಮ ಬದುಕಿನ ಬಗ್ಗೆ ಎರಡು ಮಾತು ಆಡುತ್ತಾರೆ. ಅಷ್ಟೇ. ಪ್ರೊಫೆಸರುಗಳ ವ್ಯಾಖ್ಯಾನ ಇಲ್ಲ.

ಆ ವಿಡಿಯೋಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿವೆ. ಒಂದರಲ್ಲಿ ಬಾಸ್ಟನ್ ಕಡೆಯ ಒಬ್ಬ ಕನ್‌ಸ್ಟ್ರಕ್ಷನ್ ಕೆಲಸಗಾರ ವಾಲ್ಟ್ ವಿಟ್ಮನ್ ಅವರ ಉದ್ದ ಕವಿತೆಯ ಸಾಲುಗಳನ್ನು ಓದುತ್ತಾರೆ. ಇನ್ನೊಂದರಲ್ಲಿ ಕಾಂಬೋಡಿಯಾದಿಂದ ಬಂದ ಕುಟುಂಬದ ಒಬ್ಬ ಹುಡುಗಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಪುಟ್ಟ ಕವಿತೆ ಓದುತ್ತಾಳೆ. ಜನರನ್ನು ನಗಿಸಿ ಹಾಡುವ ಕಪ್ಪು ಕಲಾವಿದನೊಬ್ಬನ ಮಾತು ಅದು. ನನ್ನ ಬಾಯಿ ತುಂಬ ನಗು ಇದೆ, ಗಂಟಲಲ್ಲಿ ಹಾಡಿದೆ, ಅದಕ್ಕೇ ನನಗೆ ನೋವಿದೆ ಅಂತ ನಿಮಗೆ ಅನಿಸುವುದೇ ಇಲ್ಲ, ಅನ್ನುತ್ತಾನೆ ಅವನು. 1920ರ ದಶಕದಲ್ಲಿ ಒಬ್ಬ ಕಪ್ಪು ಕವಿ ತನ್ನ ಜನರಿಗಾಗಿ ಬರೆದ ಮಾತಿನಲ್ಲಿ ಈ ಹುಡುಗಿಗೆ ತನ್ನ ಮನೆಯವರ ಮೌನ ಕಂಡಿತು. ಕಾಂಬೋಡಿಯಾದಲ್ಲಿ ಖಮೇರ್ ರೂಜ್ ಅನ್ನುವ ಕ್ರೂರ ಆಡಳಿತ ಇದ್ದ ಕಾಲದ ಸಂಕಟ ದಾಟಿ ಬಂದವರು ಅವರು.

ಕವಿತೆ ನುಡಿಯುವುದು ಓದುವವರ ದೇಹದಲ್ಲಿ ಅನ್ನುವುದು ಪಿನ್‌ಸ್ಕಿ ಅವರ ನಂಬಿಕೆ. ಕವಿಯ ದೇಹ ಅಲ್ಲ, ಓದುವವರದು. ನಿಮ್ಮ ಎದೆಯ ಉಸಿರು, ನಿಮ್ಮ ಗಂಟಲು, ನಿಮ್ಮ ನಾಲಿಗೆ. ವೀಣೆಗೆ ತಂತಿ ಇದ್ದ ಹಾಗೆ ಕವಿತೆಗೆ ನೀವು. ಈ ಮಾತು ನನಗೆ ಪೂರ್ತಿ ಒಪ್ಪಿಗೆ. ಅದಕ್ಕೇ ನನ್ನ ಕೋರಿಕೆ ಇಷ್ಟು, ಮೆಚ್ಚಿನ ಕವಿತೆಯನ್ನು ಇಡಿಯಾಗಿ, ಬಾಯಿಬಿಟ್ಟು ಓದಿ. ಓದಿದರೆ ಏನಾಗುತ್ತದೆ ಅಂತ ಫ್ರಾಸ್ಟ್ ಕವಿತೆಯಿಂದಲೇ ತೋರಿಸುತ್ತೇನೆ.

ದಾರಿಯ ಕವಿತೆ, 'ದ ರೋಡ್ ನಾಟ್ ಟೇಕನ್'. ನಾಲ್ಕು ಪದ್ಯ, ಇಪ್ಪತ್ತು ಸಾಲು. ಎಲ್ಲರೂ ಇದನ್ನು ಧೈರ್ಯದ ಕವಿತೆ ಅಂದುಕೊಂಡಿದ್ದಾರೆ. ನಾನೂ ಮೊದಲ ಕೆಲವು ವರ್ಷ ಹಾಗೇ ಪಾಠ ಮಾಡಿದೆ. ಎರಡು ದಾರಿ ಇದ್ದವು, ಕವಿ ಜನ ಹೋಗದ ದಾರಿ ಹಿಡಿದ, ಗೆದ್ದ. ಹೀಗೆ. ಒಂದು ದಿನ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಮೇಡಂ, ಎರಡು ದಾರಿನೂ ಒಂದೇ ಥರ ಸವೆದಿತ್ತು ಅಂತ ಇಲ್ಲೇ ಇದೆಯಲ್ಲ? ಮತ್ತೆ ಕಡಿಮೆ ಜನ ಓಡಾಡಿದ್ದು ಯಾವುದು?"

ನಾನು ಪುಸ್ತಕ ನೋಡಿದೆ. ಅವಳು ಹೇಳಿದ್ದು ಸರಿ. ಎರಡನೇ ಪದ್ಯದಲ್ಲಿ ಕವಿ ಹೇಳುತ್ತಾನೆ, ನಾನು ಹಿಡಿದ ದಾರಿಯಲ್ಲಿ ಹುಲ್ಲು ಜಾಸ್ತಿ ಇತ್ತು. ಹೇಳಿದ ಬೆನ್ನಿಗೇ ತಿದ್ದಿಕೊಳ್ಳುತ್ತಾನೆ, ನಿಜ ಹೇಳಬೇಕೆಂದರೆ ಓಡಾಟದಿಂದ ಎರಡೂ ಹೆಚ್ಚು ಕಡಿಮೆ ಒಂದೇ ಥರ ಸವೆದಿದ್ದವು. ಮೂರನೇ ಪದ್ಯದಲ್ಲಿ ಮತ್ತೆ ಅದೇ. ಆ ಬೆಳಗ್ಗೆ ಎರಡು ದಾರಿಗಳ ಮೇಲೂ ಎಲೆ ಉದುರಿ ಬಿದ್ದಿತ್ತು, ಯಾರ ಹೆಜ್ಜೆಯೂ ಬಿದ್ದು ಎಲೆ ಕಪ್ಪಾಗಿರಲಿಲ್ಲ. ಅಂದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ!

ಹಾಗಾದರೆ ಕೊನೆಯ ಆ ಪ್ರಸಿದ್ಧ ಸಾಲು? ಅದರ ಹಿಂದೆ ಎರಡು ಸಾಲು ಇದೆ, ಅದನ್ನು ಎಲ್ಲರೂ ಮರೆತಿದ್ದಾರೆ. ಎಷ್ಟೋ ಕಾಲದ ಮೇಲೆ, ಎಲ್ಲೋ ಒಂದು ಕಡೆ ಕೂತು, ನಿಟ್ಟುಸಿರು ಬಿಟ್ಟು ನಾನು ಹೀಗೆ ಹೇಳುತ್ತೇನೆ. ಏನು ಹೇಳುತ್ತೇನೆ? ಕಡಿಮೆ ಜನ ಓಡಾಡಿದ ದಾರಿ ಹಿಡಿದೆ, ಅದರಿಂದಲೇ ಎಲ್ಲಾ ಬೇರೆ ಆಯಿತು ಅಂತ. ಅಂದರೆ ಅದು ಕವಿತೆ ಹೇಳುವ ಸತ್ಯ ಅಲ್ಲ. ವಯಸ್ಸಾದ ಮೇಲೆ ನಾವು ನಮ್ಮ ಬದುಕಿನ ಬಗ್ಗೆ ಹೇಳಿಕೊಳ್ಳುವ ಕಥೆ.

ಇದನ್ನು ಜೋರಾಗಿ ಓದಿದರೆ ಇನ್ನೊಂದು ವಿಷಯ ಸಿಗುತ್ತದೆ. ಕೊನೆಯಲ್ಲಿ 'ಐ' ಅನ್ನುವ ಪದ ಎರಡು ಸಲ ಬರುತ್ತದೆ. ಒಂದು ಸಾಲಿನ ಕೊನೆಗೆ 'ಐ', ಒಂದು ಗೆರೆ, ಮುಂದಿನ ಸಾಲಿನ ಶುರುವಿಗೆ ಮತ್ತೆ 'ಐ'. ನಾನು... ನಾನು ಕಡಿಮೆ ಜನ ಓಡಾಡಿದ ದಾರಿ ಹಿಡಿದೆ. ಅಲ್ಲಿ ಉಸಿರು ನಿಲ್ಲುತ್ತದೆ. ಮನುಷ್ಯ ತಡವರಿಸುತ್ತಾನೆ. ಕಣ್ಣಲ್ಲಿ ಓದಿದರೆ ಈ ತಡವರಿಕೆ ಕಾಣುವುದೇ ಇಲ್ಲ. ಬಾಯಲ್ಲಿ ಹೇಳಿದರೆ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ.

ಈ ಕವಿತೆಯ ಹಿಂದೆ ಒಂದು ಸ್ನೇಹ ಇದೆ. ಫ್ರಾಸ್ಟ್ 1912ರಲ್ಲಿ ಹೆಂಡತಿ ಮಕ್ಕಳ ಜೊತೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಎಡ್ವರ್ಡ್ ಥಾಮಸ್ ಅನ್ನುವ ಬರಹಗಾರ ಗೆಳೆಯರಾದರು. ಗ್ಲಾಸ್ಟರ್‌ಶೈರ್‌ನ ಹಳ್ಳಿಗಳ ಕಡೆ ಇಬ್ಬರೂ ಗಂಟೆಗಟ್ಟಲೆ ನಡೆಯುತ್ತಿದ್ದರು. ಥಾಮಸ್ ಅವರದು ಒಂದು ಸ್ವಭಾವ. ಯಾವ ದಾರಿಯಲ್ಲಿ ಹೋದರೂ, ಛೆ, ಆ ಕಡೆ ಹೋಗಿದ್ದರೆ ಇನ್ನೂ ಚೆನ್ನಾಗಿರುವ ಹೂವು ತೋರಿಸಬಹುದಿತ್ತಲ್ಲ ಅಂತ ಪೇಚಾಡುವುದು. ನೀವು ಯಾವ ದಾರಿ ಹಿಡಿದರೂ ನಿಟ್ಟುಸಿರು ಬಿಡುವವರೇ ಅಂತ ಫ್ರಾಸ್ಟ್ ಅವರನ್ನು ಛೇಡಿಸುತ್ತಿದ್ದರು. ಆ ಸಲುಗೆಯಲ್ಲೇ ಈ ಕವಿತೆ ಬರೆದು ಕಳಿಸಿದರು. ಅದು 1915ರ ಆಗಸ್ಟ್‌ನಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಅಚ್ಚಾಯಿತು.

ಥಾಮಸ್‌ಗೆ ಅದು ತಮಾಷೆಯಾಗಿ ಕಾಣಲಿಲ್ಲ. ಮನಸ್ಸಿಗೆ ನಾಟಿತು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಅವರಿಗೆ 37 ವರ್ಷ, ಮದುವೆಯಾಗಿತ್ತು, ಮಕ್ಕಳಿದ್ದರು. ಸೇನೆ ಸೇರಲೇಬೇಕು ಅಂತ ಏನೂ ಇರಲಿಲ್ಲ. ಫ್ರಾಸ್ಟ್ ಹಿಂದೆ ಅಮೆರಿಕಕ್ಕೆ ಹೋಗುವುದೋ ಸೇನೆ ಸೇರುವುದೋ ಅಂತ ಅವರು ಬಹಳ ತೂಗಾಡಿದರು. 1915ರ ಜುಲೈನಲ್ಲಿ ಸೇನೆ ಸೇರಿದರು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್ ಕದನದ ಮೊದಲ ದಿನವೇ ತೀರಿಕೊಂಡರು. ಕವಿತೆ ಬರೆಯಿರಿ ಅಂತ ಅವರನ್ನು ಹುರಿದುಂಬಿಸಿದವರು ಫ್ರಾಸ್ಟ್. 1914ರ ಕೊನೆಯಲ್ಲಿ ಶುರು ಮಾಡಿ, ಸಾಯುವುದರೊಳಗೆ ನೂರ ನಲವತ್ತಕ್ಕೂ ಜಾಸ್ತಿ ಕವಿತೆ ಬರೆದಿದ್ದರು.

ಇಷ್ಟು ತಿಳಿದ ಮೇಲೆ ಆ ನಿಟ್ಟುಸಿರು ಬೇರೆ ಥರ ಕೇಳಿಸುತ್ತದೆ ಅಲ್ವಾ? ಇದು ಬಹಳ ಚಾಲಾಕಿನ ಕವಿತೆ, ಹುಷಾರಾಗಿರಿ ಅಂತ ಫ್ರಾಸ್ಟ್ ತಾವೇ ಸಭೆಗಳಲ್ಲಿ ಎಚ್ಚರಿಸುತ್ತಿದ್ದರು. ಆದರೂ ಧೈರ್ಯದ ಕವಿತೆ ಅಂತ ಓದಿದವರನ್ನು ನಾನು ತಪ್ಪು ಅನ್ನುವುದಿಲ್ಲ. ಕಷ್ಟದ ದಿನದಲ್ಲಿ ಆ ಒಂದು ಸಾಲು ಹಿಡಿದುಕೊಂಡು ಎದ್ದು ನಿಂತವರು ಎಷ್ಟೋ ಜನ. ಅವರಿಗೆ ನಾನು ಹೇಳುವುದಿಷ್ಟೇ, ಅದರ ಜೊತೆಗೆ ನಿಮಗಾಗಿ ಇನ್ನೂ ಹತ್ತೊಂಬತ್ತು ಸಾಲು ಕಾದಿದೆ.

ಈಗ ಆ ಮೈಲಿಗಟ್ಟಲೆ ಹೋಗುವ ಕವಿತೆಗೆ ಬರೋಣ. ಹಿಮ ಬೀಳುವ ಸಂಜೆ, ಕಾಡಿನ ಪಕ್ಕ ಒಬ್ಬ ಗಾಡಿ ನಿಲ್ಲಿಸಿದ್ದಾನೆ. ಕುದುರೆಗೆ ಯಾಕೆ ನಿಂತೆವು ಅಂತ ಗೊತ್ತಾಗುವುದಿಲ್ಲ, ಗೆಜ್ಜೆ ಅಲ್ಲಾಡಿಸುತ್ತದೆ. ಇಷ್ಟೇ ಕಥೆ. ಫ್ರಾಸ್ಟ್ ಇದನ್ನು ಬರೆದದ್ದು 1922ರ ಜೂನ್ ತಿಂಗಳಲ್ಲಿ, ವರ್ಮಾಂಟ್‌ನ ಶಾಫ್ಟ್ಸ್‌ಬರಿ ಅನ್ನುವ ಊರಿನ ಕಲ್ಲಿನ ಮನೆಯಲ್ಲಿ. ಹೌದು, ಜೂನ್, ಬೇಸಿಗೆ! ರಾತ್ರಿಯೆಲ್ಲ ಕೂತು ಬೇರೆ ಒಂದು ಉದ್ದ ಕವಿತೆ ಬರೆದು, ಬೆಳಗಾಗುವುದನ್ನು ನೋಡಲು ಹೊರಗೆ ಹೋಗಿ, ಒಳಗೆ ಬಂದು ಈ ಹಿಮದ ಕವಿತೆ ಬರೆದರು.

ಇದರ ಪ್ರಾಸ ನೋಡಿ. ಬೋರ್ಡ್ ಮೇಲೆ ಬರೆಯುತ್ತೇನೆ. ಮೊದಲ ಪದ್ಯದ ನಾಲ್ಕು ಸಾಲು ಮುಗಿಯುವ ಪದಗಳು: ನೋ, ದೋ, ಹಿಯರ್, ಸ್ನೋ. ಮೂರನೆಯದು ಮಾತ್ರ ಒಂಟಿ. ಎರಡನೇ ಪದ್ಯ: ಕ್ವಿಯರ್, ನಿಯರ್, ಲೇಕ್, ಇಯರ್. ಅಲ್ಲಿ ಒಂಟಿಯಾಗಿದ್ದ 'ಹಿಯರ್' ಇಲ್ಲಿ ಮನೆ ಮಾಡಿತು. ಈಗ 'ಲೇಕ್' ಒಂಟಿ. ಮೂರನೆಯದು: ಶೇಕ್, ಮಿಸ್ಟೇಕ್, ಸ್ವೀಪ್, ಫ್ಲೇಕ್. ಈಗ 'ಸ್ವೀಪ್' ಒಂಟಿ. ಸರಪಳಿಯ ಕೊಂಡಿ ಹಾಗೆ ಒಂದರೊಳಗೆ ಒಂದು. ಎರಡನೇ ಅಕ್ಷರದ ಪ್ರಾಸಕ್ಕೆ ಅಷ್ಟು ಬೆಲೆ ಕೊಟ್ಟ ಹಳಗನ್ನಡದ ನಮಗೆ ಈ ಕಸುಬಿನ ರುಚಿ ಬೇಗ ಹತ್ತುತ್ತದೆ.

ಆದರೆ ಇಲ್ಲಿ ಒಂದು ತೊಡಕು ಇದೆ. ಪ್ರತಿ ಪದ್ಯವೂ ಮುಂದಿನದಕ್ಕೆ ಒಂದು ಕೊಂಡಿ ಬಿಡುತ್ತಾ ಹೋದರೆ ಕವಿತೆ ನಿಲ್ಲುವುದು ಎಲ್ಲಿ? ನಾಲ್ಕನೇ ಪದ್ಯ ನೋಡಿ: ಡೀಪ್, ಕೀಪ್, ಸ್ಲೀಪ್, ಸ್ಲೀಪ್. ಒಂಟಿ ಪದ ಇಲ್ಲ. ಕೊನೆಯ ಸಾಲನ್ನೇ ಎರಡು ಸಲ ಹೇಳಿ ನಿಲ್ಲಿಸಿಬಿಟ್ಟರು. ಮೊದಲ ಸಲ ಹೇಳುವಾಗ ಅದು ದಾರಿಯ ಮಾತು. ಮನೆ ದೂರ ಇದೆ, ಹೊರಡಬೇಕು. ಎರಡನೇ ಸಲ ಅದೇ ಪದಗಳು, ಒಂದಕ್ಷರ ಬದಲಾಗಿಲ್ಲ, ಆದರೆ ಗಂಟಲು ತಾನಾಗಿ ತಗ್ಗುತ್ತದೆ. ಆ ನಿದ್ದೆ ಬರೀ ರಾತ್ರಿಯ ನಿದ್ದೆ ಅಲ್ಲ ಅಂತ ಯಾರೂ ಹೇಳದೆ ಗೊತ್ತಾಗುತ್ತದೆ. ಈಗ ಮನೆಗೆ ಹೋಗಿ ಎರಡು ಸಲ ಹೇಳಿ ನೋಡಿ.

ಜವಾಹರಲಾಲ್ ನೆಹರೂ ಈ ಕೊನೆಯ ನಾಲ್ಕು ಸಾಲುಗಳನ್ನು ತಮ್ಮ ಕೈಬರಹದಲ್ಲಿ ಬರೆದು ಹತ್ತಿರ ಇಟ್ಟುಕೊಂಡಿದ್ದರು. 1964ರ ಮೇ 27ರಂದು ಅವರು ತೀರಿಕೊಂಡಾಗ ಆ ಸಾಲುಗಳು ಅಲ್ಲೇ ಇದ್ದವು. ಜಾನ್ ಕೆನಡಿಗೂ ಇವು ಇಷ್ಟ, 1960ರ ಚುನಾವಣಾ ಭಾಷಣಗಳನ್ನು ಎಷ್ಟೋ ಸಲ ಇವುಗಳಿಂದಲೇ ಮುಗಿಸುತ್ತಿದ್ದರು. ಕೆನಡಿ ಅಧಿಕಾರ ತೆಗೆದುಕೊಂಡ ದಿನ, 1961ರ ಜನವರಿ 20, ಕವಿತೆ ಓದಲು ಫ್ರಾಸ್ಟ್ ಅವರನ್ನೇ ಕರೆದಿದ್ದರು. ಅವರಿಗೆ 86 ವರ್ಷ. ಆ ದಿನಕ್ಕೆ ಅಂತಲೇ ಹೊಸ ಕವಿತೆ ಬರೆದು ತಂದಿದ್ದರು. ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕಿ ಅಕ್ಷರ ಕಾಣಲಿಲ್ಲ. ಹಾಳೆ ಬಿಟ್ಟು, ಬಾಯಿಪಾಠ ಇದ್ದ ತಮ್ಮ ಹಳೆಯ ಕವಿತೆಯೊಂದನ್ನು ಹೇಳಿದರು. ಜನರಿಗೆ ನೆನಪಿರುವುದು ಅದೇ.

ವಾಲ್ಟ್ ವಿಟ್ಮನ್ ವಿಷಯ ಬೇರೆ. ಅವರ ಕಾಲದ ಜನ ಮೆಚ್ಚಿದ್ದು ಒಂದು ಕವಿತೆ, ಇವತ್ತಿನ ಜನ ಹುಡುಕಿ ಓದುವುದು ಇನ್ನೊಂದು. 1855ರಲ್ಲಿ ಅವರ ಪುಸ್ತಕ ಮೊದಲು ಬಂದಾಗ ಅದರಲ್ಲಿ ಇದ್ದದ್ದು ಹನ್ನೆರಡು ಕವಿತೆ. ಕೆಲವು ಪುಟಗಳ ಅಚ್ಚಿನ ಮೊಳೆ ಅವರೇ ಜೋಡಿಸಿದರು, ಅಚ್ಚುಕೂಟದ ಕೆಲಸ ಬಲ್ಲವರು. ಮುಖಪುಟದಲ್ಲಿ ಹೆಸರೂ ಹಾಕಿಕೊಳ್ಳಲಿಲ್ಲ. ಪ್ರಾಸ ಇಲ್ಲ, ಉದ್ದುದ್ದ ಸಾಲು. ಹೆಚ್ಚಿನ ಜನಕ್ಕೆ ಅದು ರುಚಿಸಲಿಲ್ಲ. 1865ರ ಏಪ್ರಿಲ್‌ನಲ್ಲಿ ಲಿಂಕನ್ ಅವರಿಗೆ ಗುಂಡು ಹಾರಿಸಿ ಕೊಂದ ಮೇಲೆ ವಿಟ್ಮನ್ ಪ್ರಾಸ ಹಾಕಿ ಒಂದು ಶೋಕಗೀತೆ ಬರೆದರು. ಹಡಗು ದಡ ಸೇರಿದೆ, ಗಂಟೆ ಬಾರಿಸುತ್ತಿದೆ, ಜನ ಕಾದಿದ್ದಾರೆ, ನಾಯಕ ಮಾತ್ರ ಹಲಗೆಯ ಮೇಲೆ ತಣ್ಣಗೆ ಬಿದ್ದಿದ್ದಾನೆ. ದೇಶವೇ ಅದನ್ನು ಹಾಡಿಕೊಂಡಿತು. ಎಲ್ಲಿ ಹೋದರೂ ಅದನ್ನೇ ಓದಿ ಅಂತ ಜನರ ಒತ್ತಾಯ. ಕೊನೆಗೆ ವಿಟ್ಮನ್‌ಗೆ ಅದನ್ನು ಯಾಕಾದರೂ ಬರೆದೆನೋ ಅನ್ನುವಷ್ಟು ಬೇಸರ ಬಂತು.

ಆ ಬಾಸ್ಟನ್ ಕೆಲಸಗಾರ ಆರಿಸಿದ್ದು ಪ್ರಾಸ ಇರುವ ಈ ಕವಿತೆಯನ್ನಲ್ಲ. ಜನಕ್ಕೆ ರುಚಿಸದೆ ಹೋಗಿದ್ದ 1855ರ ಕವಿತೆಯನ್ನು. ನೂರ ನಲವತ್ತು ವರ್ಷ ಆದ ಮೇಲೆ. ನಾನು ಪ್ರೀತಿಸುವ ಹುಲ್ಲಾಗಿ ಬೆಳೆಯಲು ನನ್ನನ್ನೇ ಮಣ್ಣಿಗೆ ಕೊಟ್ಟುಕೊಳ್ಳುತ್ತೇನೆ, ನಾನು ಮತ್ತೆ ಬೇಕಾದರೆ ನಿಮ್ಮ ಬೂಟಿನ ಅಡಿಯಲ್ಲಿ ಹುಡುಕಿ, ಅಂತ ಆ ಕವಿತೆಯ ಕೊನೆಯಲ್ಲಿ ಇದೆ. ದಿನವಿಡೀ ಬೂಟು ಹಾಕಿ ಮಣ್ಣಲ್ಲಿ ನಿಲ್ಲುವ ಮನುಷ್ಯನಿಗೆ ಇದು ಹೇಗೆ ಕೇಳಿಸಬಹುದು ಅಂತ ಯೋಚನೆ ಮಾಡಿ. ಜನಕ್ಕೆ ಸುಲಭದ್ದೇ ಇಷ್ಟ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ.

ಇನ್ನು ಕೆಲವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಎಡ್ಗರ್ ಅಲನ್ ಪೋ ಅವರ ಕಾಗೆಯಂಥ ಹಕ್ಕಿಯ ಕವಿತೆ, 'ದ ರೇವನ್', 1845ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದ ಕೂಡಲೇ ಮನೆಮಾತಾಯಿತು. ಆದರೆ ಕವಿಯ ಬಡತನ ನೀಗಲಿಲ್ಲ. ನಾಲ್ಕು ವರ್ಷಕ್ಕೆ ಬಾಲ್ಟಿಮೋರ್‌ನಲ್ಲಿ ತೀರಿಕೊಂಡರು. ಆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಇವತ್ತು ಆ ಹಕ್ಕಿಯದೇ ಹೆಸರು, ಬಾಲ್ಟಿಮೋರ್ ರೇವನ್ಸ್. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಶುರುವಿನಲ್ಲಿ, ಬ್ರಿಟಿಷ್ ಸೈನ್ಯ ಬರುತ್ತಿದೆ ಅಂತ ರಾತ್ರಿ ಕುದುರೆ ಓಡಿಸಿ ಜನರನ್ನು ಎಚ್ಚರಿಸಿದ ಪಾಲ್ ರಿವಿಯರ್ ಬಗ್ಗೆ ಲಾಂಗ್‌ಫೆಲೋ ಬರೆದ ಕವಿತೆಯಲ್ಲಿ ಕುದುರೆ ಓಡುವ ಸದ್ದೇ ಕೇಳಿಸುತ್ತದೆ, ಮಕ್ಕಳಿಗೆ ಹೇಳಿಕೊಡಲು ಬಹಳ ಚಂದ. ಆದರೆ ಚರಿತ್ರೆಯಲ್ಲಿ ಆ ರಾತ್ರಿ ಸುದ್ದಿ ಹೊತ್ತು ಓಡಿದವರು ಒಬ್ಬರೇ ಅಲ್ಲ, ಉಳಿದವರ ಹೆಸರು ಕವಿತೆಯಲ್ಲಿ ಬರಲಿಲ್ಲ, ಹಾಗಾಗಿ ಜನರಿಗೂ ಗೊತ್ತಿಲ್ಲ. ಎಮ್ಮಾ ಲಜಾರಸ್ 1883ರಲ್ಲಿ ಸ್ವಾತಂತ್ರ್ಯದೇವಿಯ ಪ್ರತಿಮೆಯ ಪೀಠಕ್ಕೆ ಹಣ ಸೇರಿಸಲು ಹದಿನಾಲ್ಕು ಸಾಲಿನ ಕವಿತೆ ಬರೆದುಕೊಟ್ಟರು. ಸೋತವರನ್ನು, ಬಡವರನ್ನು ನನ್ನ ಹತ್ತಿರ ಕಳಿಸಿ ಅಂತ ಆ ದೇವಿ ಹೇಳುವ ಕವಿತೆ. 1886ರಲ್ಲಿ ಪ್ರತಿಮೆ ನಿಂತಾಗ ಅದನ್ನು ಯಾರೂ ಓದಲಿಲ್ಲ. ಮರುವರ್ಷ 38ನೇ ವಯಸ್ಸಿಗೆ ಎಮ್ಮಾ ಹೋಗಿಬಿಟ್ಟರು. 1903ರಲ್ಲಿ ಗೆಳತಿಯೊಬ್ಬರ ಓಡಾಟದಿಂದ ಕಂಚಿನ ಫಲಕವಾಗಿ ಅದು ಪೀಠದೊಳಗೆ ಸೇರಿತು. ಈಗ ಪ್ರತಿಮೆ ಅಂದರೆ ಆ ಸಾಲು, ಸಾಲು ಅಂದರೆ ಆ ಪ್ರತಿಮೆ.

ಎಮಿಲಿ ಡಿಕಿನ್‌ಸನ್ ಹತ್ತಿರ ಸ್ವಲ್ಪ ನಿಲ್ಲಬೇಕು. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಊರಲ್ಲಿ, 1830ರಲ್ಲಿ ಹುಟ್ಟಿ 1886ರಲ್ಲಿ ತೀರಿಕೊಂಡವರು. ಬರೆದದ್ದು ಹತ್ತಿರ ಹತ್ತಿರ 1,800 ಕವಿತೆ. ಬದುಕಿರುವಾಗ ಅಚ್ಚಾದದ್ದು ಹತ್ತು ಚಿಲ್ಲರೆ, ಅದೂ ಅವರ ಹೆಸರಿಲ್ಲದೆ. ಅವರು ಹೋದ ಮೇಲೆ ತಂಗಿ ಲವೀನಿಯಾ ಕೋಣೆ ತೆಗೆದು ನೋಡಿದರೆ ರಾಶಿ ಕವಿತೆ. ಹಾಳೆಗಳನ್ನು ಮಡಿಸಿ, ಸೂಜಿ ದಾರದಿಂದ ಹೊಲಿದ ನಲವತ್ತು ಪುಟ್ಟ ಪುಸ್ತಕಗಳೂ ಇದ್ದವು. ತಂಗಿಗೆ ಇಷ್ಟಿದೆ ಅಂತ ಗೊತ್ತೇ ಇರಲಿಲ್ಲ.

ಜನರ ಮೆಚ್ಚಿನದು ಸಾವಿನ ಕವಿತೆ. ಸಾವಿಗಾಗಿ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ, ಅವನೇ ದೊಡ್ಡ ಮನಸ್ಸು ಮಾಡಿ ನನಗಾಗಿ ನಿಂತ. ಹೀಗೆ ಶುರು. ಸಾರೋಟಿನಲ್ಲಿ ಅವಳು, ಸಾವು. ಜೊತೆಗೆ ಅಮರತ್ವ. ಆತುರ ಇಲ್ಲ, ನಿಧಾನವಾಗಿ ಹೋಗುತ್ತಾರೆ. ಶಾಲೆ ದಾಟುತ್ತಾರೆ, ಮಕ್ಕಳು ಆಡುತ್ತಿವೆ. ತೆನೆ ತುಂಬಿದ ಹೊಲ ದಾಟುತ್ತಾರೆ. ಮುಳುಗುವ ಸೂರ್ಯನನ್ನು ದಾಟುತ್ತಾರೆ.

1890ರಲ್ಲಿ ಮೊದಲ ಸಂಕಲನ ಮಾಡಿದ ಸಂಪಾದಕರು ಇದರ ಮುಂದಿನ ಪದ್ಯವನ್ನು ತೆಗೆದುಹಾಕಿದರು. ಕವಿಯ ಗೆರೆಗಳನ್ನು ಅಳಿಸಿ ಅಲ್ಪವಿರಾಮ ಹಾಕಿದರು. ಅವರು ಇಡದ ಹೆಸರನ್ನೂ ಇಟ್ಟರು. ಕವಿ ಬರೆದ ಹಾಗೇ ಅಚ್ಚಿನಲ್ಲಿ ಎಲ್ಲ ಒಟ್ಟಿಗೆ ಸಿಗಲು 1955ರ ತನಕ ಕಾಯಬೇಕಾಯಿತು. ಆ ಬಿಟ್ಟ ಪದ್ಯದಲ್ಲಿ ಏನಿದೆ ಗೊತ್ತಾ? ನಾವು ಸೂರ್ಯನನ್ನು ದಾಟಿದೆವು ಅಂದವಳು ಗಕ್ಕನೆ ತಿದ್ದಿಕೊಳ್ಳುತ್ತಾಳೆ, ಅಲ್ಲ, ಅವನೇ ನಮ್ಮನ್ನು ದಾಟಿ ಹೋದ. ಆಮೇಲೆ ಇಬ್ಬನಿ, ನಡುಕ, ಚಳಿ. ಯಾಕೆಂದರೆ ಅವಳು ಉಟ್ಟದ್ದು ಜೇಡನ ಬಲೆಯಷ್ಟು ತೆಳುವಾದ ಬಟ್ಟೆ. ಇಂಥ ಪ್ರಯಾಣಕ್ಕೆ ಅವಳು ಸಿದ್ಧವಾಗಿ ಬಂದೇ ಇರಲಿಲ್ಲ.

ಆ ನಾಲ್ಕು ಸಾಲು ಇಲ್ಲದೆ ಓದಿದರೆ ಸಾವು ಸಭ್ಯ ಮನುಷ್ಯ, ಪ್ರಯಾಣ ಸುಖ. ಅದನ್ನು ಸೇರಿಸಿ ಓದಿ. ಮೈ ಜುಮ್ಮೆನ್ನುತ್ತದೆ. ಅರವತ್ತೈದು ವರ್ಷ ಜನ ಆ ಚಳಿ ಇಲ್ಲದ ಕವಿತೆಯನ್ನೇ ಓದಿದರಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತದೆ. ಇದರ ಛಂದಸ್ಸು ಚರ್ಚ್ ಹಾಡುಗಳದು. ಒಂದು ಸಾಲಿಗೆ ಎಂಟು ಉಲಿ, ಅಂದರೆ ಸಿಲಬಲ್, ಮುಂದಿನದಕ್ಕೆ ಆರು. 'ಅಮೇಜಿಂಗ್ ಗ್ರೇಸ್' ಧಾಟಿ ಗೊತ್ತಿರುವವರು ಈ ಕವಿತೆಯನ್ನು ಅದೇ ಧಾಟಿಯಲ್ಲಿ ಹಾಡಬಹುದು. ಮೇಲೆ ಹೇಳಿದ ಆ ತಿದ್ದುಪಡಿಯ ಸಾಲಿಗೆ ಬಂದಾಗ ಧಾಟಿ ಮುಗ್ಗರಿಸುತ್ತದೆ, ಎಂಟು ಬರಬೇಕಾದಲ್ಲಿ ಆರು ಬರುತ್ತದೆ. ಚಳಿ ಶುರುವಾಗುವುದು ಅಲ್ಲಿಂದಲೇ.

ಕೊನೆಗೆ ಲ್ಯಾಂಗ್‌ಸ್ಟನ್ ಹ್ಯೂಸ್. 1920ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಅಪ್ಪನನ್ನು ನೋಡಲು ರೈಲಿನಲ್ಲಿ ಮೆಕ್ಸಿಕೋಗೆ ಹೊರಟಿದ್ದರು. ಸಂಜೆ ಹೊತ್ತು ರೈಲು ಮಿಸಿಸಿಪ್ಪಿ ನದಿ ದಾಟಿತು. ಆ ನದಿಯ ಮೇಲೆ ತಮ್ಮ ಹಿರಿಯರನ್ನು ಗುಲಾಮರಾಗಿ ಮಾರಲು ಸಾಗಿಸಿದ್ದು ನೆನಪಾಯಿತು. ಜೇಬಿನಲ್ಲಿದ್ದ ಲಕೋಟೆಯ ಹಿಂದೆ ಹತ್ತು ಹದಿನೈದು ನಿಮಿಷದಲ್ಲಿ ನದಿಗಳ ಕವಿತೆ ಬರೆದರು. ನನ್ನ ಆತ್ಮ ನದಿಗಳ ಹಾಗೆ ಆಳವಾಗಿದೆ ಅನ್ನುವ ಸಾಲು ಅದರದ್ದು. 1921ರ ಜೂನ್‌ನಲ್ಲಿ 'ದ ಕ್ರೈಸಿಸ್' ಪತ್ರಿಕೆಯಲ್ಲಿ ಬಂತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಗ್ರಂಥಾಲಯದ ನೆಲದ ಕೆಳಗೆ ಅವರ ಚಿತಾಭಸ್ಮ ಇದೆ. ಮೇಲೆ ಆ ಸಾಲು ಕೆತ್ತಿದ್ದಾರೆ. ಓದಲು ಬರುವವರು ಆ ನೆಲದ ಮೇಲೇ ನಡೆದು ಹೋಗುತ್ತಾರೆ.

ಆದರೆ ನನಗೆ ಇನ್ನೂ ಹತ್ತಿರದ್ದು ಅವರ 1922ರ ಕವಿತೆ, ತಾಯಿ ಮಗನಿಗೆ ಹೇಳುವ ಮಾತು. ಅದು ಕಾಲೇಜಿನ ಇಂಗ್ಲಿಷ್ ಅಲ್ಲ, ದುಡಿದು ತಿನ್ನುವ ಕಪ್ಪು ಹೆಂಗಸು ಮನೆಯಲ್ಲಿ ಆಡುವ ಇಂಗ್ಲಿಷ್. ಅದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಸತ್ತುಹೋಗುತ್ತದೆ. ನಮ್ಮ ಕಡೆ ಅಮ್ಮಂದಿರು ಮಾತಾಡುವ ಹಾಗೆ ಹೇಳಿ ನೋಡುತ್ತೇನೆ.

"ಮಗಾ, ಒಂದ್ ಮಾತ್ ಹೇಳ್ತೀನಿ ಕೇಳು. ನನ್ ಬದುಕು ಗಾಜಿನ್ ಮೆಟ್ಲು ಆಗಿರ್ಲಿಲ್ಲ ಕಣಪ್ಪ."

ಜನರ ಬಾಯಲ್ಲಿ ಉಳಿದಿರುವ ಸಾಲು ಇದು. ಉಳಿದದ್ದನ್ನು ಕೇಳಿ. ಆ ಮೆಟ್ಟಿಲಲ್ಲಿ ಮೊಳೆ ಎದ್ದಿತ್ತು. ಸೀಳು ಚುಚ್ಚುತ್ತಿತ್ತು. ಕೆಲವು ಕಡೆ ಹಲಗೆಯೇ ಕಿತ್ತುಹೋಗಿತ್ತು. ನೆಲಕ್ಕೆ ಹಾಸಿಲ್ಲ. ಇಲ್ಲಿ ಒಂದೇ ಪದದ ಒಂದು ಸಾಲು ಇದೆ, 'ಬೇರ್', ಬರಿ ನೆಲ. ಓದುವಾಗ ಅಲ್ಲಿ ನಿಲ್ಲಲೇಬೇಕು. ಬರಿಗಾಲು ಇಟ್ಟ ಹಾಗೆ. ಆದರೂ ಹತ್ತುತ್ತಲೇ ಬಂದೆ, ತಿರುವು ತಿರುಗಿದೆ, ದೀಪ ಇಲ್ಲದ ಕಡೆ ಕತ್ತಲಲ್ಲೂ ಹೋದೆ ಅನ್ನುತ್ತಾಳೆ. ಆಮೇಲೆ ಮಗನ ಕಡೆ ತಿರುಗುತ್ತಾಳೆ.

"ಅದಕ್ಕೇ ನೀನು ಹಿಂದಕ್ ತಿರುಗ್ಬೇಡ. ಕಷ್ಟ ಆಯ್ತು ಅಂತ ಮೆಟ್ಲ್ ಮೇಲೆ ಕೂತ್ಕೋಬೇಡ. ಈಗ ಬೀಳ್ಬೇಡ ಕಂದ. ನಾನಿನ್ನೂ ಹೋಗ್ತಾನೇ ಇದೀನಿ, ಇನ್ನೂ ಹತ್ತುತಾನೇ ಇದೀನಿ. ನನ್ ಬದುಕು ಗಾಜಿನ್ ಮೆಟ್ಲು ಆಗಿರ್ಲಿಲ್ಲ ಕಣಪ್ಪ."

ಗಮನಿಸಿದಿರಾ, ಆ ಸಾಲು ಎರಡು ಸಲ ಬಂತು. ಮೊದಲ ಸಲ ಅದು ತನ್ನ ಕಷ್ಟ ಹೇಳಿಕೊಂಡದ್ದು. ಎರಡನೇ ಸಲ ಬರುವಾಗ ಅವಳು ಇನ್ನೂ ಮೆಟ್ಟಿಲ ಮೇಲೇ ಇದ್ದಾಳೆ. ಮೇಲೆ ತಲುಪಿದೆ ಅಂತ ಎಲ್ಲೂ ಹೇಳುವುದಿಲ್ಲ.

ನನ್ನ ಮಾತು ಇಷ್ಟು. ಇನ್ನು ಅರ್ಧ ಗಂಟೆ ಸಮಯ ಇದೆ ಅಂತ ಹೇಳಿದ್ದಾರೆ. ಪ್ರಶ್ನೆಗಳಿಗಿಂತ ಮೊದಲು, ಯಾರಿಗಾದರೂ ಒಂದು ಕವಿತೆ ಪೂರ್ತಿ ಬರುತ್ತಿದ್ದರೆ ಇಲ್ಲಿಗೆ ಬಂದು ಹೇಳಿ. ಕನ್ನಡದ್ದಾದರೂ ಸರಿ. ಮೈಕ್ ಬೇಡ, ಹತ್ತಿರ ಬಂದು ಕೂರುತ್ತೇವೆ.